ಕನ್ನಡ ಜಾಲತಾಣದ ಪುಟಗಳಿಗೆ ಶುದ್ಧ ವಿಳಾಸ: ಯಾವ ಲಿಪಿ, ದಿನಾಂಕ ಬೇಕೇ, ಹಳೆಯ ಕೊಂಡಿಗಳ ಗತಿ ಏನು?

ತೋಟದಂಚು

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಾವು ನಾಲ್ವರು ಅಡಿಕೆ ಬೆಳೆಗಾರರು ಸೇರಿ 11 ವರ್ಷಗಳಿಂದ ಒಂದು ಕನ್ನಡ ಜಾಲತಾಣ ನಡೆಸಿಕೊಂಡು ಬಂದಿದ್ದೇವೆ. ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಗಳ ದಿನದ ಧಾರಣೆ, ತೋಟದ ರೋಗಗಳ ಕುರಿತ ಬರಹಗಳು, ಜೊತೆಗೆ ನಮ್ಮ ಮನೆಯವರು ಬರೆದ ಮಲೆನಾಡಿನ ಅಡುಗೆಗಳು ಎಲ್ಲ ಸೇರಿ 1,400ರಷ್ಟು ಪುಟಗಳಿವೆ. ತಾಣವನ್ನು ಮೊದಲು ಕಟ್ಟಿಕೊಟ್ಟವರು ಪ್ರತಿ ಪುಟಕ್ಕೂ ಪ್ರಶ್ನಾರ್ಥಕ ಚಿಹ್ನೆ, ಐಡಿ ಸಂಖ್ಯೆ, ವಿಭಾಗದ ಸಂಖ್ಯೆ, ಭಾಷೆಯ ಸಂಕೇತ ಎಂದೆಲ್ಲ ಪೋಣಿಸಿದ ವಿಳಾಸ (ಯುಆರ್‌ಎಲ್) ಕೊಟ್ಟಿದ್ದರು. ಒಂದು ವಿಳಾಸವನ್ನು ನೋಡಿದರೆ ಅದು ಕೊಳೆರೋಗದ್ದೋ ಅಪ್ಪೆಹುಳಿಯದ್ದೋ ಎಂಬುದು ಬರೆದ ನಮಗೇ ತಿಳಿಯುತ್ತಿರಲಿಲ್ಲ.

ಕಳೆದ ತಿಂಗಳು ಒಬ್ಬ ತಂತ್ರಜ್ಞರಿಂದ, ಶೀರ್ಷಿಕೆ ಬರೆದ ಕೂಡಲೇ ಅದರಿಂದಲೇ ವಿಳಾಸ ಹುಟ್ಟುವ ಏರ್ಪಾಡು ಮಾಡಿಸಿದೆವು. ಪರೀಕ್ಷೆಗೆಂದು ತೆರೆದ ‘ಮೈಸೂರು’ ಪುಟದ ವಿಳಾಸ ‘ಮಸರ’ ಎಂದಾಯಿತು. ಸ್ವಲ್ಪ ಹೊತ್ತಿನ ಬಳಿಕ ಅಡುಗೆ ವಿಭಾಗದಲ್ಲಿ ‘ಮೊಸರು’ ಪುಟ ತೆರೆದರೆ ಅದೂ ‘ಮಸರ’ವೇ ಆಗಿ, ಎರಡು ಒಂದೇ ಆಗಬಾರದೆಂದು ತಂತ್ರಾಂಶವು ಅದಕ್ಕೆ ‘ಮಸರ-1’ ಎಂದು ಹೆಸರಿಟ್ಟಿತು. ‘ಬೆಂಗಳೂರು’ ಹೋಗಿ ‘ಬಗಳರ’ವಾಯಿತು. ನಕ್ಕು ಸುಮ್ಮನಾಗುವಂತಿರಲಿಲ್ಲ, ಕೆಲಸ ನಿಲ್ಲಿಸಿ ಇಲ್ಲಿಗೆ ಬಂದಿದ್ದೇನೆ.

ತಿಳಿದವರು ಮೂರು ವಿಷಯ ಹೇಳಬೇಕು. ವಿಳಾಸವು ಕನ್ನಡ ಲಿಪಿಯಲ್ಲಿರಬೇಕೇ, ಇಂಗ್ಲಿಷ್ ಅಕ್ಷರಗಳಲ್ಲಿರಬೇಕೇ? ಇದುವರೆಗೆ ಒಂದೇ ಪುಟದಲ್ಲಿ ಅಳಿಸಿ ಬರೆಯುತ್ತಿದ್ದ ದಿನದ ಧಾರಣೆಯನ್ನು ಇನ್ನು ಮುಂದೆ ಉಳಿಸಿಕೊಳ್ಳಬೇಕೆಂದಿದ್ದೇವೆ, ಅದರ ವಿಳಾಸದಲ್ಲಿ ದಿನಾಂಕವಿರಬೇಕೇ? ಮತ್ತು ಇಷ್ಟು ವರ್ಷ ಜನರು ಹಂಚಿಕೊಂಡಿರುವ ಹಳೆಯ ಕೊಂಡಿಗಳು ಏನಾಗುತ್ತವೆ?

ಒಂದುಸೊನ್ನೆ

ತೋಟದಂಚು ಅವರೇ, ‘ಮಸರ’ಕ್ಕೆ ನಿಮ್ಮ ತಂತ್ರಜ್ಞರೊಬ್ಬರನ್ನೇ ದೂರಬೇಡಿ. ಅವರು ಬಹುಶಃ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದಾರೆ. ಅಲ್ಲಿ ‘ಪದದಲ್ಲಿ ಬರಬಹುದಾದ ಅಕ್ಷರ’ ಎಂಬ ಸಿದ್ಧ ಗುಂಪೊಂದಿದೆ, ವಿಳಾಸ ತಯಾರಿಸುವವರು ಆ ಗುಂಪಿಗೆ ಸೇರದ ಎಲ್ಲವನ್ನೂ ಕಸವೆಂದು ಗುಡಿಸಿ ಹಾಕುತ್ತಾರೆ. ಇಂಗ್ಲಿಷಿಗೆ ಇದು ಸರಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಮೂಲಾಕ್ಷರಗಳು ‘ಅಕ್ಷರ’ ವರ್ಗಕ್ಕೆ ಸೇರಿದರೆ, ಕಾಗುಣಿತದ ಚಿಹ್ನೆಗಳು, ಅನುಸ್ವಾರ ಹಾಗೂ ಒತ್ತಕ್ಷರವನ್ನು ಹುಟ್ಟಿಸುವ ಹಲಂತ ‘ಚಿಹ್ನೆ’ ಎಂಬ ಬೇರೊಂದು ವರ್ಗಕ್ಕೆ ಸೇರುತ್ತವೆ. ಸಿದ್ಧ ಗುಂಪಿನಲ್ಲಿ ಈ ವರ್ಗವಿಲ್ಲದ ಕಾರಣ ಗುಡಿಸುವಾಗ ಇಳಿ, ಗುಡಿಸು, ಕೊಂಬು, ಏತ್ವ ಯಾವುದೂ ಉಳಿಯುವುದಿಲ್ಲ. ಪೈಥಾನ್‌ನಲ್ಲಿ ಜಾಲತಾಣ ಕಟ್ಟಲು ಬಳಸುವ ಜಾಂಗೋ ಚೌಕಟ್ಟಿನಲ್ಲಿ ‘ಯೂನಿಕೋಡ್ ಇರಲಿ’ ಎಂದು ಆಯ್ಕೆ ಮಾಡಿದರೂ ‘ಕನ್ನಡ’ ಎಂಬುದು ‘ಕನನಡ’ವೇ ಆಗುತ್ತದೆ, ಆಯ್ಕೆಯ ಹೆಸರು ನೋಡಿ ನಂಬಿದವರು ಮೋಸ ಹೋಗುತ್ತಾರೆ. ಅಕ್ಷರ ವರ್ಗದ ಜೊತೆಗೆ ಚಿಹ್ನೆ ವರ್ಗವನ್ನೂ ಉಳಿಸಿಕೊಳ್ಳುವಂತೆ ಆ ಒಂದು ಸಾಲನ್ನು ತಿದ್ದಿದರೆ ಸಾಕು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಯೂನಿಕೋಡ್‌ನಲ್ಲಿ ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಮೂರು ತುಂಡುಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಸರ್ವರ್‌ನ ಕಣ್ಣಿಗೆ ಅವು ಎರಡು ಬೇರೆ ವಿಳಾಸಗಳು. ವಿಳಾಸವನ್ನು ಉಳಿಸುವ ಮೊದಲು ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ತೊಡಕು ತಪ್ಪುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವೂ ಇದೆ. ‘ಪವರ್‌ಟಿಲ್ಲರ್’ ಎಂದು ಬರೆಯುವಾಗ ಅರ್ಕಾವತ್ತು ಬಾರದಂತೆ ನಡುವೆ ಹಾಕುವ ಶೂನ್ಯ ಅಗಲದ ಆ ಸಂಕೇತವನ್ನು ಕೆಲವು ಕೀಲಿಮಣೆಗಳು ಪದದ ಕೊನೆಗೂ ಅಂಟಿಸಿ ಬಿಡುತ್ತವೆ. ಹಾಗಾಗಿ ಒಬ್ಬರು ಬೆರಳಚ್ಚಿಸಿದ ‘ಟ್ರ್ಯಾಕ್ಟರ್’ ಇನ್ನೊಬ್ಬರ ‘ಟ್ರ್ಯಾಕ್ಟರ್’ ಆಗಿರುವುದಿಲ್ಲ. ಶೀರ್ಷಿಕೆಯಲ್ಲಿ ಅದು ಇರಲಿ, ವಿಳಾಸದಿಂದ ಕಡ್ಡಾಯವಾಗಿ ತೆಗೆಯಿರಿ.

ಹಳೇಬ್ಲಾಗಿಗ

ಲಿಪಿಯ ಪ್ರಶ್ನೆಗೆ ನನ್ನ ಉತ್ತರ ಇಂಗ್ಲಿಷ್ ಅಕ್ಷರಗಳೇ. ಬ್ಲಾಗ್‌ಸ್ಪಾಟ್ ಕಾಲದಿಂದ ಬರೆಯುತ್ತಿರುವವನಿಗೆ ಇದರ ಇತಿಹಾಸ ಗೊತ್ತು. ಆ ದಿನಗಳಲ್ಲಿ ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬ್ಲಾಗ್‌ಸ್ಪಾಟ್‌ನ ಹಿಂದಿರುವ ಬ್ಲಾಗರ್ ತಂತ್ರಾಂಶಕ್ಕೆ ಅದರಿಂದ ಒಂದಕ್ಷರವನ್ನೂ ಎತ್ತಿಕೊಳ್ಳಲು ಆಗದೆ, ವರ್ಷ ಮತ್ತು ತಿಂಗಳಿನ ಮುಂದೆ ‘ಬ್ಲಾಗ್-ಪೋಸ್ಟ್’ ಎಂದು ಬರೆದು, ಅದೇ ತಿಂಗಳ ಮುಂದಿನ ಬರಹಗಳಿಗೆ ಅಡಿಗೆರೆ ಹಾಕಿ ಒಂದೊಂದು ಸಂಖ್ಯೆ ಅಂಟಿಸುತ್ತಿತ್ತು. ಆಗಿನ ಸಾವಿರಾರು ಕನ್ನಡ ಬರಹಗಳ ವಿಳಾಸ ಇಂದಿಗೂ ಹಾಗೆಯೇ ಇದೆ, ಕವಿತೆಯೋ ಪ್ರವಾಸ ಕಥನವೋ ಒಂದೂ ತಿಳಿಯುವುದಿಲ್ಲ. ಅದಕ್ಕೆ ನಾವು ಒಂದು ಉಪಾಯ ಮಾಡುತ್ತಿದ್ದೆವು. ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಶೀರ್ಷಿಕೆ ಬರೆದು ಪ್ರಕಟಿಸುವುದು, ವಿಳಾಸ ಗಟ್ಟಿಯಾದ ಮೇಲೆ ಒಳಹೊಕ್ಕು ಶೀರ್ಷಿಕೆಯನ್ನು ಕನ್ನಡಕ್ಕೆ ತಿದ್ದುವುದು. ಪರ್ಮಾಲಿಂಕ್ ಅನ್ನು, ಅಂದರೆ ಪುಟದ ಸ್ಥಿರ ವಿಳಾಸವನ್ನು, ನಾವೇ ಬರೆಯುವ ಸೌಲಭ್ಯ ಬಂದ ಮೇಲೆ ಆ ಕಳ್ಳದಾರಿ ಬೇಕಾಗಲಿಲ್ಲ, ಆದರೆ ಅಲ್ಲಿಯೂ ಕನ್ನಡ ಲಿಪಿಗೆ ಅವಕಾಶ ಸಿಗಲಿಲ್ಲ.

ಬ್ಲಾಗು, ಜಾಲತಾಣ ನಡೆಸುವ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್ ಕನ್ನಡ ಲಿಪಿಯನ್ನು ಒಪ್ಪುತ್ತದೆ, ಆದರೆ ಮಧ್ಯದಲ್ಲಿ ಕತ್ತರಿ ಹಾಕುತ್ತದೆ. ವಿಳಾಸದೊಳಗೆ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಆಗಿ, ಪ್ರತಿ ಬೈಟ್ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರವಾಗಿ, ಕೊನೆಗೆ ಒಂದು ಒಂಬತ್ತಾಗುತ್ತದೆ. ‘ಕ’ ಎಂಬುದು ‘%ಇ0%ಬಿ2%95’ ಆಗುತ್ತದೆ (ಇ, ಬಿ ಎಂಬುವನ್ನು ಇಂಗ್ಲಿಷ್ ಅಕ್ಷರಗಳೆಂದು ಓದಿಕೊಳ್ಳಿ). ಪುಟದ ಹೆಸರಿಗೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಅಕ್ಷರ. ಅಂದರೆ ಕನ್ನಡದ 22 ಸಂಕೇತಗಳಿಗೆ ಅದು ತುಂಬಿ ಹೋಗುತ್ತದೆ. ನನ್ನ ಸ್ನೇಹಿತರೊಬ್ಬರು ‘ಅಡಿಕೆ ಕೊಳೆರೋಗ ನಿಯಂತ್ರಣಕ್ಕೆ ಬೋರ್ಡೊ ದ್ರಾವಣ ತಯಾರಿಸುವ ವಿಧಾನ’ ಎಂದು ಬರೆದರೆ ವಿಳಾಸ ‘ಅಡಿಕೆ-ಕೊಳೆರೋಗ-ನಿಯಂತ್ರಣಕ್’ ಎಂಬಲ್ಲಿಗೆ ಕಡಿದು ಹೋಯಿತು. ಮುಖ್ಯ ಪದವಾದ ಬೋರ್ಡೊ ಅದರಲ್ಲಿ ಇಲ್ಲವೇ ಇಲ್ಲ. ಮುಂದಿನ ವರ್ಷ ಅದೇ ಮೂರು ಪದಗಳಿಂದ ಆರಂಭವಾದ ಇನ್ನೊಂದು ಬರಹ ಬಂದಾಗ ಅದು ‘ನಿಯಂತ್ರಣಕ-2’ ಎಂದು ಕೊನೆಗೊಂಡಿತು. ‘2’ಕ್ಕೆ ಜಾಗ ಮಾಡಿಕೊಡಲು ಹಲಂತವೂ ಬಿದ್ದು ಹೋಗಿತ್ತು.

ನುಡಿಗೂಡು

ಹಳೇಬ್ಲಾಗಿಗ ಅವರ ಅನುಭವಕ್ಕೆ ಗೌರವವಿದೆ, ತೀರ್ಮಾನವನ್ನು ಒಪ್ಪಲಾರೆ. ಕತ್ತರಿ ಹಾಕುವುದು ತಂತ್ರಾಂಶದ ಮಿತಿ, ಲಿಪಿಯ ದೋಷವಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಬಹುತೇಕ ಲೇಖನಗಳ ವಿಳಾಸ ಕನ್ನಡ ಲಿಪಿಯಲ್ಲಿದೆ. ಅಲ್ಲಿ ಮಿತಿ 255 ಬೈಟ್, ಅಂದರೆ ಕನ್ನಡದ 85 ಸಂಕೇತಗಳು. ಶೀರ್ಷಿಕೆಗೆ ಅಷ್ಟು ಬೇಕಾದಷ್ಟಾಯಿತು. ಗೂಗಲ್ ಕೂಡ ತನ್ನ ಮಾರ್ಗಸೂಚಿಯಲ್ಲಿ ಓದುಗರ ಭಾಷೆಯ ಪದಗಳನ್ನು ವಿಳಾಸದಲ್ಲಿ ಬಳಸುವುದನ್ನು ಒಳ್ಳೆಯ ರೂಢಿ ಎಂದೇ ಹೇಳುತ್ತದೆ, ಅಗತ್ಯವಿದ್ದಲ್ಲಿ ಲಿಪ್ಯಂತರವನ್ನೂ ಒಪ್ಪುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಆಗುವ ಗೊಂದಲವನ್ನು ಕೃಷಿ ತಾಣದವರೇ ಯೋಚಿಸಬೇಕು. ಬೆಲೆ, ಬೆಳೆ, ಬೇಳೆ ಎಂಬ ಮೂರು ಪದಗಳನ್ನು ನಮ್ಮ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಒಂದೇ ರೀತಿ. ತೊಗರಿಯ ಬೆಲೆಯೋ ಬೆಳೆಯೋ ಬೇಳೆಯೋ ಎಂದು ಆ ನಾಲ್ಕು ಅಕ್ಷರಗಳಿಂದ ಯಾರೂ ಹೇಳಲಾರರು. ‘ಮಳೆ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಇಂಗ್ಲಿಷಿನಲ್ಲಿ ‘ಗಂಡು’ ಎಂಬ ಅರ್ಥದ ಪದವೇ ಆಗಿಬಿಡುತ್ತದೆ. ಳಕಾರ ಲಕಾರ, ಣಕಾರ ನಕಾರ ಅಳಿದ ಮೇಲೆ ವಿಳಾಸದಲ್ಲಿ ಪದವಿದ್ದೂ ಪ್ರಯೋಜನವೇನು?

ಇನ್ನೊಂದು ಮಾತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದಾಗ, ಹಳೆಯ ಕಾಗುಣಿತದಲ್ಲಿದ್ದ ಎಷ್ಟೋ ವಿಳಾಸಗಳು ರಾತ್ರೋರಾತ್ರಿ ಹಳತಾದವು. ಕನ್ನಡದಲ್ಲಿ ‘ಶಿವಮೊಗ್ಗ’ ಮೊದಲೂ ಶಿವಮೊಗ್ಗವೇ, ಈಗಲೂ ಶಿವಮೊಗ್ಗವೇ.

ಬಿಸಿಲನಾಡು

ಶಿವಮೊಗ್ಗದವರಿಗೆ ಸರಿ, ನಮ್ಮ ಕಡೆಗೆ ಅದು ಹೊಂದುವುದಿಲ್ಲ. ಅದೇ ದಿನ ಗುಲಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಕನ್ನಡದಲ್ಲಿಯೂ ಹೆಸರು ಬದಲಾಯಿತು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಊರಿನ ಹೆಸರು ವಿಳಾಸದ ಆಧಾರವಾದರೆ ಲಿಪಿ ಯಾವುದಾದರೂ ಒಂದು ದಿನ ಅದು ಅಲುಗುತ್ತದೆ.

ನಾನು ಮೆಚ್ಚುವುದು ತಂತ್ರಾಂಶ ಬರೆಯುವವರ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದ ಕ್ರಮವನ್ನು. ಅಲ್ಲಿ ಪ್ರತಿ ಪ್ರಶ್ನೆಯ ವಿಳಾಸದಲ್ಲಿ ಮೊದಲು ಸಂಖ್ಯೆ, ಅದರ ಹಿಂದೆ ಶೀರ್ಷಿಕೆಯ ಪದಗಳು ಬರುತ್ತವೆ. ಸರ್ವರ್ ನೋಡುವುದು ಸಂಖ್ಯೆಯನ್ನು, ಪದಗಳು ಮನುಷ್ಯರಿಗೆ. ಪದ ತಪ್ಪಿದರೂ, ಶೀರ್ಷಿಕೆಯನ್ನು ಆಮೇಲೆ ತಿದ್ದಿದರೂ ಸಂಖ್ಯೆಯಿಂದ ಪುಟ ಸಿಗುತ್ತದೆ, ಸಿಕ್ಕ ಕೂಡಲೇ ಸರಿಯಾದ ವಿಳಾಸಕ್ಕೆ ಕಳುಹಿಸಲಾಗುತ್ತದೆ. ನಿಮ್ಮ ಹಳೆಯ ವಿಳಾಸಗಳಲ್ಲಿ ಐಡಿ ಸಂಖ್ಯೆ ಹೇಗೂ ಇದೆಯಲ್ಲ, ಅದನ್ನು ಕೊಳಕು ಎಂದು ಬಿಸಾಡಬೇಡಿ. ಕೊಳಕು ಇರುವುದು ಅದರ ಸುತ್ತಲಿನ ಪ್ರಶ್ನಾರ್ಥಕ ಚಿಹ್ನೆ, ವಿಭಾಗ ಸೂಚಿಸುವ ಕ್ಯಾಟ್, ಭಾಷೆ ಸೂಚಿಸುವ ಲ್ಯಾಂಗ್‌ಗಳಲ್ಲಿ.

ತೋಟದಂಚು

ಎಲ್ಲರ ಮಾತೂ ಉಪಯೋಗಕ್ಕೆ ಬಂತು. ನಮ್ಮ ಓದುಗರು ತಾಣಕ್ಕೆ ಬರುವ ಬಗೆಯನ್ನು ಹೇಳಿದರೆ ಚರ್ಚೆಗೆ ಅನುಕೂಲವಾದೀತು.

ಮುಕ್ಕಾಲುಪಾಲು ಜನ ವಾಟ್ಸಾಪ್ ಗುಂಪುಗಳಲ್ಲಿ ಬಂದ ಕೊಂಡಿಯನ್ನು ಒತ್ತಿ ಬರುವವರು. ತಿದ್ದಿದ ತಂತ್ರಾಂಶದಿಂದ ಕನ್ನಡ ಲಿಪಿಯ ವಿಳಾಸವೊಂದನ್ನು ಮಾಡಿ ನಮ್ಮ ಊರಿನ ಗುಂಪಿಗೆ ಹಾಕಿ ನೋಡಿದೆ. ಬ್ರೌಸರ್‌ನ ಮೇಲ್ಪಟ್ಟಿಯಲ್ಲಿ ಅದು ಚೆಂದವಾಗಿ ‘ಧಾರಣೆ/ಶಿವಮೊಗ್ಗ’ ಎಂದೇ ಕಾಣುತ್ತಿತ್ತು. ನಕಲಿಸಿ ಅಂಟಿಸಿದಾಗ ಮಾತ್ರ ಶೇಕಡಾ ಚಿಹ್ನೆಗಳ ಸರಮಾಲೆಯಾಯಿತು. ಎಣಿಸಿದೆ: ಓರೆಗೆರೆಗಳೂ ಸೇರಿ 119 ಅಕ್ಷರ, ಡೊಮೈನ್ ಹೆಸರು ಬೇರೆ. ಎರಡು ನಿಮಿಷದೊಳಗೆ ಪಕ್ಕದ ಮನೆಯ ಹಿರಿಯರು ‘ತಮಾ, ಇದೆಂತ ಲಿಂಕು, ಒತ್ತಿದ್ರೆ ದುಡ್ಡು ಹೋಗ್ತಾ?’ ಎಂದು ಧ್ವನಿ ಸಂದೇಶ ಕಳುಹಿಸಿದರು. ಮೋಸದ ಕೊಂಡಿಗಳನ್ನು ಒತ್ತಬೇಡಿ ಎಂದು ಅವರಿಗೆ ಹೇಳಿಕೊಟ್ಟವನೇ ನಾನು.

ಇನ್ನು, ನಮ್ಮೂರಿನ ಸೊಸೈಟಿಯ ಗುಮಾಸ್ತರು ತಾಣದ ವಿಳಾಸವನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು ಸೂಚನಾ ಫಲಕದಲ್ಲಿ ಹಾಕುತ್ತಾರೆ. ಕನ್ನಡ ಲಿಪಿಯ ವಿಳಾಸವಾದರೆ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ‘ಡೊಮೈನ್ ಇಂಗ್ಲಿಷಿನಲ್ಲಿ ಹೊಡೆದು, ಕೀಲಿಮಣೆ ಬದಲಿಸಿ ಉಳಿದದ್ದನ್ನು ಕನ್ನಡದಲ್ಲಿ ಹೊಡೆಯಬೇಕೋ?’ ಹೌದು ಎನ್ನಬೇಕಾಗುತ್ತದೆ.

ಹಳೇಬ್ಲಾಗಿಗ

ಎಸ್‌ಎಂಎಸ್ ಲೆಕ್ಕವನ್ನೂ ಸೇರಿಸಿಕೊಳ್ಳಿ. ಇಂಗ್ಲಿಷ್ ಅಕ್ಷರಗಳ ಒಂದು ಸಂದೇಶಕ್ಕೆ 160 ಅಕ್ಷರ, ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಮಿತಿ 70ಕ್ಕೆ ಇಳಿಯುತ್ತದೆ. ‘ಇಂದಿನ ಧಾರಣೆ’ ಎಂಬ ಎರಡು ಪದದ ಜೊತೆ ನಿಮ್ಮ 119 ಅಕ್ಷರದ ಕೊಂಡಿ ಕಳುಹಿಸಿದರೆ ಎರಡಕ್ಕಿಂತ ಹೆಚ್ಚು ಸಂದೇಶದ ಖರ್ಚು.

ಒಂದುಸೊನ್ನೆ

ಹುಡುಕಾಟದ ದೃಷ್ಟಿಯಿಂದ ಯಾವುದು ಮೇಲು ಎಂಬುದನ್ನು ಯಾರೂ ನೇರವಾಗಿ ಹೇಳಲಿಲ್ಲ. ವಿಳಾಸದಲ್ಲಿರುವ ಪದಕ್ಕೆ ಗೂಗಲ್ ಕೊಡುವ ತೂಕ ತೀರಾ ಸಣ್ಣದು. ಪುಟದ ಶೀರ್ಷಿಕೆ, ಒಳಗಿನ ಬರಹ, ಅದಕ್ಕೆ ಬೇರೆಡೆಯಿಂದ ಬಂದಿರುವ ಕೊಂಡಿಗಳ ಮುಂದೆ ಅದು ಲೆಕ್ಕಕ್ಕೇ ಬಾರದಷ್ಟು. ‘ಅಡಿಕೆ ಧಾರಣೆ ಶಿವಮೊಗ್ಗ’ ಎಂದು ಕನ್ನಡದಲ್ಲಿ ಹುಡುಕುವವರಿಗೆ, ಪುಟದ ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸ ಇಂಗ್ಲಿಷ್ ಅಕ್ಷರಗಳಲ್ಲಿದ್ದರೂ ಅದು ಸಿಗುತ್ತದೆ. ಮೇಲಾಗಿ 2025ರ ಜನವರಿಯಿಂದ ಮೊಬೈಲ್ ಫಲಿತಾಂಶಗಳಲ್ಲಿ ಗೂಗಲ್ ಪೂರ್ಣ ದಾರಿಯನ್ನು ತೋರಿಸುವುದನ್ನೇ ಬಿಟ್ಟು ಡೊಮೈನ್ ಹೆಸರನ್ನು ಮಾತ್ರ ತೋರಿಸುತ್ತಿದೆ. ಹಾಗಿರುವಾಗ ವಿಳಾಸದಲ್ಲಿ ‘ಅಡಿಕೆ-ಅಡಿಕೆಧಾರಣೆ-ಇಂದಿನ-ಅಡಿಕೆ-ದರ’ ಎಂದು ತುರುಕುವುದು ವ್ಯರ್ಥ ಶ್ರಮ, ಎಷ್ಟೋ ಸುದ್ದಿ ತಾಣಗಳು ಇಂದಿಗೂ ಅದನ್ನು ಮಾಡುತ್ತಿವೆ.

ಶುದ್ಧ ವಿಳಾಸದಿಂದ ನಿಜವಾದ ಲಾಭ ಬೇರೆಡೆ ಇದೆ. ಐಡಿ, ಕ್ಯಾಟ್, ಲ್ಯಾಂಗ್ ಎಂಬ ಮೂರು ತುಂಡುಗಳನ್ನು ಹಿಂದೆ ಮುಂದೆ ಮಾಡಿ ಬರೆದರೂ ನಿಮ್ಮ ಹಳೆಯ ಪುಟ ತೆರೆದುಕೊಳ್ಳುತ್ತಿತ್ತು. ಅಂದರೆ ಒಂದೇ ಪುಟಕ್ಕೆ ಆರು ವಿಳಾಸ. ಅದರ ಮೇಲೆ ಮೂರು ಡಬ್ಲ್ಯು ಸಹಿತ ಮತ್ತು ರಹಿತ, ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎಂದು ಹರಡಿದರೆ ಇಪ್ಪತ್ತನಾಲ್ಕು. ತಾಣಗಳನ್ನು ಸುತ್ತಿ ಪುಟಗಳನ್ನು ಓದುವ ಗೂಗಲ್‌ನ ತೆವಳುಗ (ಕ್ರಾಲರ್) ಒಂದೇ ಬರಹವನ್ನು ಅಷ್ಟು ಬಾಗಿಲುಗಳಿಂದ ಕಂಡು, ಯಾವುದು ಅಸಲು ಎಂದು ತಾನೇ ಊಹಿಸಬೇಕಾಗುತ್ತದೆ. ಒಂದು ಪುಟಕ್ಕೆ ಒಂದೇ ವಿಳಾಸವಿಟ್ಟು, ಉಳಿದ ಬಾಗಿಲುಗಳಿಂದ ಬಂದವರನ್ನು ಅಲ್ಲಿಗೇ ಕಳುಹಿಸಿ, ಪುಟದ ತಲೆಭಾಗದಲ್ಲಿ ‘ಇದೇ ಅಸಲು ವಿಳಾಸ’ ಎಂದು ಹೇಳುವ ಕೆನಾನಿಕಲ್ ಟ್ಯಾಗ್ ಹಾಕಿದರೆ ಆ ಗೊಂದಲ ತೀರುತ್ತದೆ.

ಪದಗಳ ನಡುವೆ ಅಡಿಗೆರೆ ಬೇಡ, ಕಿರುಗೆರೆ ಹಾಕಿ. ಗೂಗಲ್ ಹೇಳುವುದೂ ಅದನ್ನೇ. ವಿಕಿಪೀಡಿಯ ಅಡಿಗೆರೆಯಿಂದಲೇ ನಡೆಯುತ್ತಿದೆಯಲ್ಲ ಎಂದು ನುಡಿಗೂಡು ಅವರು ಕೇಳಿಯಾರು. ಅದು ವಿಕಿಪೀಡಿಯ, ಅದು ಹೇಗಿದ್ದರೂ ಸಿಗುತ್ತದೆ. ಇಂಗ್ಲಿಷ್ ಅಕ್ಷರಗಳಾದರೆ ಎಲ್ಲವೂ ಸಣ್ಣಕ್ಷರದಲ್ಲಿರಲಿ. ಡೊಮೈನ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ ಆದರೂ ಅದರ ಮುಂದಿನ ದಾರಿಯಲ್ಲಿ ಅವು ಬೇರೆ ಬೇರೆ.

ಬಿಸಿಲನಾಡು

ಧಾರಣೆಯ ದಿನಾಂಕದ ಪ್ರಶ್ನೆ ಹಾಗೆಯೇ ಉಳಿದಿದೆ. ಪ್ರತಿ ದಿನಕ್ಕೂ ಪ್ರತಿ ಮಾರುಕಟ್ಟೆಗೂ ಒಂದೊಂದು ಪುಟ ಮಾಡಿದರೆ ಮೂರು ಮಾರುಕಟ್ಟೆಗೆ ವರ್ಷಕ್ಕೆ 1,095 ಪುಟಗಳಾಗುತ್ತವೆ. ರಜೆ ಕಳೆದರೂ ನಿಮ್ಮ 11 ವರ್ಷದ ಬರಹಗಳನ್ನು ಒಂದೂವರೆ ವರ್ಷದೊಳಗೆ ಅವು ಮುಳುಗಿಸುತ್ತವೆ. ಪ್ರತಿ ಪುಟದಲ್ಲಿ ಇರುವುದು ರಾಶಿ, ಬೆಟ್ಟೆಯಂಥ ಅಡಿಕೆ ಬಗೆಗಳ ನಾಲ್ಕಾರು ಸಾಲು. ಅಂಥ ತೆಳು ಪುಟಗಳನ್ನು ಹುಡುಕು ಯಂತ್ರವೂ ಮೆಚ್ಚುವುದಿಲ್ಲ, ರೈತನೂ ಮೆಚ್ಚುವುದಿಲ್ಲ.

ನನ್ನ ಸಲಹೆ ಹೀಗಿದೆ. ‘ಧಾರಣೆ/ಶಿವಮೊಗ್ಗ’ ಎಂಬ ವಿಳಾಸ ಶಾಶ್ವತವಾಗಿ ಇಂದಿನ ದರದ್ದು. ಅದರಲ್ಲಿ ದಿನಾಂಕ ಬೇಡವೇ ಬೇಡ. ದಿನಾಂಕವು ಪುಟದೊಳಗೆ ದಪ್ಪಕ್ಷರದಲ್ಲಿರಲಿ. ಜನ ಅದನ್ನೇ ಉಳಿಸಿಟ್ಟುಕೊಳ್ಳುತ್ತಾರೆ, ಸೊಸೈಟಿಯ ಫಲಕದಲ್ಲಿ ಅದನ್ನೇ ಬರೆಯುತ್ತಾರೆ, ಹೊರಗಿನಿಂದ ಬರುವ ಕೊಂಡಿಗಳ ಬಲವೆಲ್ಲ ಅದೊಂದಕ್ಕೇ ಸೇರುತ್ತದೆ. ಹಳೆಯ ದರಗಳಿಗೆ ತಿಂಗಳಿಗೊಂದು ಪುಟ: ‘ಧಾರಣೆ/ಶಿವಮೊಗ್ಗ/2025/07’. ಮೂರು ಮಾರುಕಟ್ಟೆಗೆ ವರ್ಷಕ್ಕೆ 36 ಪುಟ. ಆಯಾ ತಿಂಗಳ ಏರಿಳಿತ ಒಂದೇ ನೋಟಕ್ಕೆ ಸಿಗುವುದರಿಂದ ಅದಕ್ಕೆ ಓದುಗರೂ ಇರುತ್ತಾರೆ. ವರ್ಷ ಮೊದಲು, ತಿಂಗಳು ಆಮೇಲೆ, ತಿಂಗಳಿಗೆ ಯಾವಾಗಲೂ ಎರಡಂಕಿ, ಇದನ್ನು ಮುರಿಯಬೇಡಿ.

ರೋಗಗಳ ಬರಹಕ್ಕೆ ಮತ್ತು ಅಡುಗೆಗೆ ದಿನಾಂಕದ ಗೊಡವೆಯೇ ಬೇಡ. ಕೊಳೆರೋಗದ ಬರಹವನ್ನು ಪ್ರತಿ ಮಳೆಗಾಲಕ್ಕೂ ತಿದ್ದುತ್ತೀರಿ, ವಿಳಾಸದಲ್ಲಿ 2016 ಎಂದಿದ್ದರೆ ತಿದ್ದಿದ್ದನ್ನು ಯಾರು ನಂಬುತ್ತಾರೆ?

ಸರ್ವರ್‌ಶಾನುಭೋಗ

ತಡವಾಗಿ ಬಂದೆ. ಹಳೆಯ ಕೊಂಡಿಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಇಂಥ ಬದಲಾವಣೆಗಳು ಹೆಚ್ಚಾಗಿ ಕೆಡುವುದು ಅಲ್ಲಿಯೇ.

ಮೊದಲ ತಪ್ಪು, ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ಕಳುಹಿಸುವುದು. ಕೊಳೆರೋಗ ಹುಡುಕಿ ಬಂದವನನ್ನು ಹೆಬ್ಬಾಗಿಲಲ್ಲಿ ನಿಲ್ಲಿಸಿದರೆ ಅವನು ಹೊರಟು ಹೋಗುತ್ತಾನೆ. ಗೂಗಲ್ ಕೂಡ ಅದನ್ನು ‘ಪುಟ ಇಲ್ಲ’ ಎಂಬ 404ರಂತೆಯೇ ಎಣಿಸುತ್ತದೆ. ಪ್ರತಿ ಹಳೆಯ ವಿಳಾಸವೂ ತನ್ನದೇ ಹೊಸ ವಿಳಾಸಕ್ಕೆ, ಒಂದೇ ಜಿಗಿತದಲ್ಲಿ, ‘ಶಾಶ್ವತವಾಗಿ ಬದಲಾಗಿದೆ’ ಎಂದು ಹೇಳುವ 301 ಸಂಕೇತದೊಂದಿಗೆ ಹೋಗಬೇಕು.

ಎರಡನೆಯದು, ನಿಮ್ಮ ತಾಣ ಅಪಾಚೆ ಎಂಬ ಸರ್ವರ್ ತಂತ್ರಾಂಶದ ಮೇಲಿದ್ದರೆ, ಅದರ ಮರ್ಮ. ಅದಕ್ಕೆ ಸೂಚನೆ ಕೊಡುವ ಎಚ್‌ಟಿಆಕ್ಸೆಸ್ ಕಡತದಲ್ಲಿ ವಿಳಾಸ ಬದಲಿಸಲು ಬರೆಯುವ ರೀರೈಟ್‌ರೂಲ್ ಪ್ರಶ್ನಾರ್ಥಕ ಚಿಹ್ನೆಯಿಂದ ಆಚೆಗಿನ ಭಾಗವನ್ನು ನೋಡುವುದೇ ಇಲ್ಲ. ನಿಮ್ಮ ಐಡಿ ಇರುವುದೇ ಅಲ್ಲಿ. ಅದನ್ನು ಹಿಡಿಯಲು ಮೇಲಿನ ಸಾಲಿನಲ್ಲಿ ರೀರೈಟ್‌ಕಂಡ್ ಎಂಬ ಷರತ್ತು ಹಾಕಿ ಆ ಭಾಗವನ್ನು (ಕ್ವೆರಿ ಸ್ಟ್ರಿಂಗ್) ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಹಾಗೆ ಹಿಡಿದು ಕಳುಹಿಸಿದರೂ ಹಳೆಯ ಬಾಲವು ಹೊಸ ವಿಳಾಸಕ್ಕೆ ತಾನಾಗಿ ಅಂಟಿಕೊಂಡು ಬರುತ್ತದೆ. ಅಪಾಚೆ 2.4ರಲ್ಲಿ ಅದನ್ನು ಕತ್ತರಿಸಲು ಕ್ಯುಎಸ್‌ಡಿ ಎಂಬ ಗುರುತು ಇದೆ.

ಆದರೆ 1,400 ಪುಟಕ್ಕೆ 1,400 ಜೋಡಿ ಸಾಲು ಬರೆಯುವ ಹುಚ್ಚು ಬೇಡ. ಹಳೆಯ ತಾಣ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯದ್ದಾಗಿದ್ದರೆ ಆ ಹಳೆಯ ಕಡತದ ಹೆಸರನ್ನು ಅಳಿಸದೆ ಉಳಿಸಿಕೊಂಡು, ಒಳಗಿನ ಸಾಮಾನನ್ನೆಲ್ಲ ತೆಗೆದು ಐದಾರು ಸಾಲು ಬರೆಯಿರಿ. ಬಂದ ಐಡಿಯನ್ನು ಓದುವುದು, ದತ್ತಸಂಚಯದಲ್ಲಿ ಆ ಸಂಖ್ಯೆಯ ಹೊಸ ವಿಳಾಸ ಹುಡುಕುವುದು, ಅಲ್ಲಿಗೆ ಕಳುಹಿಸುವುದು, ಸಿಗದಿದ್ದರೆ ಪ್ರಾಮಾಣಿಕವಾಗಿ 404 ಹೇಳುವುದು. ಪಿಎಚ್‌ಪಿಯಲ್ಲಿ ಹೊಸ ವಿಳಾಸ ತಿಳಿಸುವ ‘ಲೊಕೇಶನ್’ ಶಿರೋಲೇಖವನ್ನು (ಹೆಡರ್) ಸುಮ್ಮನೆ ಕಳುಹಿಸಿದರೆ ಅದು 302, ಅಂದರೆ ತಾತ್ಕಾಲಿಕ ಎಂದಾಗುತ್ತದೆ. 301 ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಇದನ್ನು ಮರೆತವರ ಸಂಖ್ಯೆಗೆ ಲೆಕ್ಕವಿಲ್ಲ, ನಾನೂ ಒಬ್ಬ.

ಈ ದಾರಿಸೂಚಕಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಗೂಗಲ್ ಹೇಳುತ್ತದೆ. ವಾಟ್ಸಾಪ್ ಗುಂಪಿನಲ್ಲಿರುವ ಕೊಂಡಿಗೆ ಗೂಗಲ್‌ನ ಲೆಕ್ಕ ಗೊತ್ತಿಲ್ಲವಾದ್ದರಿಂದ ನೀವು ಅವನ್ನು ತೆಗೆಯಲೇಬೇಡಿ.

ತೋಟದಂಚು

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಕೆಲಸ ಬಹುಪಾಲು ಮುಗಿದಿದೆ.

ಕೊನೆಗೆ ಇಂಗ್ಲಿಷ್ ಅಕ್ಷರಗಳನ್ನೇ ಆರಿಸಿಕೊಂಡೆವು. ನುಡಿಗೂಡು ಅವರು ಬೇಸರಿಸಬಾರದು. ಶೀರ್ಷಿಕೆಯಿಂದ ತಾನಾಗಿ ವಿಳಾಸ ಹುಟ್ಟುವುದನ್ನು ನಿಲ್ಲಿಸಿ, ಬರಹ ಹಾಕುವವರೇ ಎರಡೋ ಮೂರೋ ಪದ ಆರಿಸಿ ಬರೆಯುವಂತೆ ಮಾಡಿದ್ದೇವೆ. ಬರಹಗಳಿಗೆ ಹಳೆಯ ಐಡಿಯನ್ನೇ ಮುಂದಿಟ್ಟು ಅದರ ಹಿಂದೆ ಪದಗಳು, ಧಾರಣೆಯ ಪುಟಗಳಿಗೆ ಮಾತ್ರ ಸಂಖ್ಯೆ ಇಲ್ಲದ ಸ್ಥಿರ ವಿಳಾಸ. ಇಷ್ಟರ ಜೊತೆಗೆ, ಪುಟದ ಕನ್ನಡ ಹೆಸರನ್ನೇ ವಿಳಾಸದಲ್ಲಿ ಹೊಡೆದವರಿಗೂ ಪುಟ ಸಿಗುತ್ತದೆ. ಅಲ್ಲಿಂದ 301ರ ಮೂಲಕ ಅಸಲು ವಿಳಾಸಕ್ಕೆ ಕಳುಹಿಸುತ್ತೇವೆ.

ಬೆಲೆ, ಬೆಳೆ, ಬೇಳೆಯ ಗೊಂದಲವನ್ನು ಲಿಪ್ಯಂತರದ ನಿಯಮದಿಂದ ಬಿಡಿಸಲು ಎರಡು ಸಂಜೆ ಹೆಣಗಿದೆವು. ದೀರ್ಘಕ್ಕೆ ಎರಡು ಅಕ್ಷರ, ಳಕಾರಕ್ಕೆ ದೊಡ್ಡಕ್ಷರ ಎಂದೆಲ್ಲ ಬರೆದು ನೋಡಿದರೆ ಅದನ್ನು ಓದುವವರು ನಾವು ನಾಲ್ವರೇ ಎಂಬುದು ಖಾತ್ರಿಯಾಯಿತು. ಆಮೇಲೆ ನನ್ನ ಅತ್ತಿಗೆ ‘ಮಾತಾಡುವಾಗ ಬೆಲೆ ಅನ್ನುವುದೇ ಇಲ್ಲ, ಧಾರಣೆ ಅನ್ನುತ್ತೀರಿ. ಬೆಳೆ ಅನ್ನುವುದಿಲ್ಲ, ಫಸಲು ಅನ್ನುತ್ತೀರಿ. ವಿಳಾಸಕ್ಕೆ ಯಾಕೆ ಬೇರೆ ಭಾಷೆ?’ ಎಂದರು. ಹಾಗೆಯೇ ಮಾಡಿದೆವು. ಬೇಳೆಗೆ ಅವರು ‘ತೊಗರಿಬೇಳೆ’ ಎಂದೇ ಪೂರ್ತಿ ಬರೆದರು.

ಹಳೆಯ ಕೊಂಡಿಗಳಿಗೆ ಶಾನುಭೋಗರು ಹೇಳಿದ ಐದಾರು ಸಾಲು ಹನ್ನೆರಡು ಸಾಲಾಯಿತು, ಆದರೆ ನಡೆಯುತ್ತಿದೆ. ತಾಣದ ಪುಟಗಳು ಹುಡುಕಾಟದಲ್ಲಿ ಹೇಗಿವೆ ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಮೊದಲ ವಾರ ಎರಡೂ ವಿಳಾಸಗಳು ಒಟ್ಟಿಗೆ ಕಾಣುತ್ತಿದ್ದವು, ಈಗ ಹಳೆಯವು ಒಂದೊಂದಾಗಿ ಕಡಿಮೆಯಾಗುತ್ತಿವೆ.

ನುಡಿಗೂಡು

ಬೇಸರವೇನಿಲ್ಲ, ಕನ್ನಡ ಲಿಪಿಗೆ ಹಿಂಬಾಗಿಲಾದರೂ ಇಟ್ಟಿದ್ದೀರಿ. ಅದನ್ನೇ ಪರೀಕ್ಷಿಸೋಣವೆಂದು ‘ಹಿಂಗಾರ-ಒಣಗುವ-ರೋಗ’ ಎಂದು ಹೊಡೆದು ನೋಡಿದೆ, 404 ಬಂತು. ನಿಮ್ಮ ಪುಟದಿಂದಲೇ ಶೀರ್ಷಿಕೆ ನಕಲಿಸಿ ಹಾಕಿದರೆ ತೆರೆಯುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಂಕೇತಗಳನ್ನು ನೋಡಿದೆ. ನಿಮ್ಮ ಶೀರ್ಷಿಕೆಯಲ್ಲಿ ‘ಹಿ’ ಮತ್ತು ‘ಗಾ’ ನಡುವೆ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಿಸಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿರಬೇಕು, ಅಂಥ ಕಡತಗಳಲ್ಲಿ ಇದು ಸಾಮಾನ್ಯ. ಎನ್‌ಎಫ್‌ಸಿ ಮಾಡಿದರೂ ಇದು ಸರಿಹೋಗುವುದಿಲ್ಲ, ಯೂನಿಕೋಡ್‌ನ ಪ್ರಕಾರ ಅವೆರಡಕ್ಕೂ ಸಂಬಂಧವೇ ಇಲ್ಲ. ಇನ್ನೊಂದು, ‘ಶಿರಸಿ’ ಎಂದರೆ ಬರುತ್ತದೆ, ನಮ್ಮ ಕಡೆ ಬರೆಯುವಂತೆ ‘ಸಿರಸಿ’ ಎಂದರೆ ಬರುವುದಿಲ್ಲ.

ತೋಟದಂಚು

ಹುಡುಕಿದಾಗ ಒಂದಲ್ಲ, 37 ಶೀರ್ಷಿಕೆಗಳಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಳಿತಿತ್ತು. ಎಲ್ಲವೂ ಮೊದಲ ಎರಡು ವರ್ಷದ ಬರಹಗಳು. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಆ ಪದಗಳನ್ನು ಹುಡುಕಿದವರಿಗೆ ಆ ಪುಟಗಳು ಏಕೆ ಸರಿಯಾಗಿ ಸಿಗುತ್ತಿರಲಿಲ್ಲ ಎಂಬುದೂ ಈಗ ತಿಳಿಯಿತು. ಎರಡು ಅಕ್ಷರಗಳ ನಡುವೆ ಸೊನ್ನೆ ಸಿಕ್ಕರೆ ಅನುಸ್ವಾರವೆಂದು ತಿದ್ದಿ, ಅಂಕಿಗಳ ಪಕ್ಕದ ಸೊನ್ನೆಗಳನ್ನು ಮುಟ್ಟದೆ ಬಿಟ್ಟಿದ್ದೇವೆ. ಹಿಂಗಾರದ ಪುಟ ಈಗ ತೆರೆಯುತ್ತದೆ. ಸಿರಸಿ ಎಂದರೂ ಶಿರಸಿಯ ಧಾರಣೆ ಬರುತ್ತದೆ. ಇನ್ನೊಮ್ಮೆ ಹೊಡೆದು ನೋಡಿ ತಿಳಿಸಿ.